ಹಳೆಯ ಕಾಗದದ ಹಣ: ಅದನ್ನು ಓದುವ ಬಗೆಯೂ ಅದರ ಬೆಲೆಯನ್ನು ತಿಳಿಯುವ ಬಗೆಯೂ

ಕೈಸರನಿಗೆ ತೆರಿಗೆ ಕೊಡುವುದು ನ್ಯಾಯವೋ ಅನ್ಯಾಯವೋ ಎಂದು ಕೇಳಿ ಯೇಸುಸ್ವಾಮಿಯನ್ನು ಮಾತಿನಲ್ಲಿ ಸಿಕ್ಕಿಸಲು ಕೆಲವರು ಬಂದಾಗ, ಆತನು ಕೂಡಲೇ ಉತ್ತರ ಕೊಡದೆ ಮೊದಲು ಒಂದು ನಾಣ್ಯವನ್ನು ತರಿಸಿ, ಅದರ ಮೇಲಿನ ಮುಖವೂ ಬರಹವೂ ಯಾರವೆಂದು ಅವರನ್ನೇ ವಿಚಾರಿಸಿದ ಪ್ರಸಂಗವನ್ನು ನಾವೆಲ್ಲರೂ ಈ ಶಾಲೆಯ ಬೈಬಲ್ ತರಗತಿಯಲ್ಲಿ ಕೇಳಿದ್ದೇವೆ. ಆ ಪ್ರಸಂಗದ ಗಹನವಾದ ಅರ್ಥವನ್ನು ವಿವರಿಸುವುದು ಈ ಲೇಖನದ ಉದ್ದೇಶವಲ್ಲ. ಆದರೆ ಹಣವನ್ನು ಕುರಿತು ತೀರ್ಪು ಹೇಳುವುದಕ್ಕೆ ಮುಂಚೆ ಅದನ್ನು ಕೈಯಲ್ಲಿ ಹಿಡಿದು ನೋಡಬೇಕು, ಅದರ ಮೇಲಿರುವುದನ್ನು ಓದಬೇಕು ಎಂಬ ಸಾಮಾನ್ಯವಾದ ಪಾಠವೂ ಅದರಲ್ಲಿ ಅಡಗಿದೆ. ಈ ಪಾಠವನ್ನು ಮರೆತುದರಿಂದ ಅನೇಕ ಮನೆಗಳಲ್ಲಿ ನಷ್ಟವಾಗುತ್ತಿರುವುದನ್ನು ಕಂಡು ಈ ನಾಲ್ಕು ಮಾತುಗಳನ್ನು ಬರೆಯುತ್ತಿದ್ದೇನೆ.

ಕೆಲವು ಕಾಲದ ಹಿಂದೆ ನಮ್ಮ ಶಾಲೆಯ ಹಳೆಯ ವಿದ್ಯಾರ್ಥಿನಿಯೊಬ್ಬರು, ಈಗ ಮೊಮ್ಮಕ್ಕಳನ್ನು ಕಂಡವರು, ತಮ್ಮ ಅಜ್ಜಿಯ ಗೀತಪುಸ್ತಕವೊಂದನ್ನು ತಂದು ನನ್ನ ಮುಂದಿಟ್ಟರು. ಆ ಅಜ್ಜಿಯವರು 1918ನೆಯ ಇಸವಿಯ ಸುಮಾರಿಗೆ ಹಳ್ಳಿಯೊಂದರ ಮಿಶನ್ ಶಾಲೆಯಲ್ಲಿ ಉಪಾಧ್ಯಾಯಿನಿಯಾಗಿದ್ದವರು. ಅವರ ಮೊದಲ ಸಂಬಳದಲ್ಲಿ ಬಂದ ಒಂದು ನೋಟು, ಎರಡು ರೂಪಾಯಿ ಎಂಟು ಆಣೆಯದು, ನಾಲ್ಕಾಗಿ ಮಡಿಸಲ್ಪಟ್ಟು ಆ ಪುಸ್ತಕದ ಹಾಳೆಗಳ ನಡುವೆ ನೂರಕ್ಕೂ ಹೆಚ್ಚು ವರ್ಷ ಮಲಗಿತ್ತು. ಅದು ಸಿಕ್ಕಿದ ದಿನ ಮನೆಯ ಹುಡುಗನೊಬ್ಬನು, ಸದುದ್ದೇಶದಿಂದಲೇ, ಅದನ್ನು ಸೋಪಿನ ನೀರಿನಲ್ಲಿ ಅದ್ದಿ ತೊಳೆದು, ಇಸ್ತ್ರಿ ಮಾಡಿ, ಮಡಿಕೆಯ ಬಳಿ ಹರಿದಿದ್ದ ಕಡೆ ಅಂಟುವ ಟೇಪನ್ನು ಹಚ್ಚಿದ್ದನು. ಅಷ್ಟರಲ್ಲಿ ಯಾರೋ ಅಪರಿಚಿತನು ಫೋನಿನಲ್ಲಿ ಮಾತನಾಡಿ, ಆ ನೋಟಿಗೆ ಹಲವು ಲಕ್ಷ ರೂಪಾಯಿ ಕೊಡುವುದಾಗಿಯೂ, ಅದಕ್ಕೆ ಮುಂಚೆ ನೋಂದಣಿ ಶುಲ್ಕವೆಂದು ಕೆಲವು ಸಾವಿರ ಕಳುಹಿಸಬೇಕೆಂದೂ ಹೇಳಿದ್ದನು. ಹಣ ಕಳುಹಿಸುವುದಕ್ಕೆ ಒಂದು ದಿನ ಮೊದಲು ಆಕೆ ನನ್ನ ಬಳಿಗೆ ಬಂದದ್ದು ದೇವರ ದಯೆಯೇ ಸರಿ.

"ಟೀಚರೇ, ಇದರ ಬೆಲೆ ಎಷ್ಟಾಗುತ್ತದೆ?" ಎಂದು ಕೇಳಿದರು.

"ಬೆಲೆಯ ಮಾತು ಆಮೇಲೆ ಅಮ್ಮಾ. ಇದರ ಮೇಲೆ ಏನೇನು ಇದೆಯೋ ಮೊದಲು ಅದನ್ನು ಓದೋಣ" ಎಂದೆನು.

ಆ ದಿನ ನಾವಿಬ್ಬರೂ ಕುಳಿತು ಓದಿದ ರೀತಿಯನ್ನೇ ಇಲ್ಲಿ ಕ್ರಮವಾಗಿ ತಿಳಿಸುತ್ತೇನೆ.

1. ಕಾಗದವು ಹಣವಾದ ವೃತ್ತಾಂತ

ನಮ್ಮ ದೇಶದಲ್ಲಿ ಮೊದಮೊದಲು ಕಾಗದದ ಹಣವನ್ನು ಹೊರಡಿಸಿದ್ದು ಸರಕಾರವಲ್ಲ, ಬ್ಯಾಂಕುಗಳು. ಬಂಗಾಳ, ಬೊಂಬಾಯಿ, ಮದ್ರಾಸು ಈ ಮೂರು ಪ್ರೆಸಿಡೆನ್ಸಿ ಬ್ಯಾಂಕುಗಳ ನೋಟುಗಳು ದೊಡ್ಡ ಪಟ್ಟಣಗಳ ವರ್ತಕರಲ್ಲಿ ಓಡಾಡುತ್ತಿದ್ದವು. 1857ರ ದಂಗೆಯ ತರುವಾಯ ಬೊಕ್ಕಸವನ್ನು ಸರಿಪಡಿಸಲು ಬಂದ ಜೇಮ್ಸ್ ವಿಲ್ಸನ್ ಎಂಬವನು ಸರಕಾರವೇ ನೋಟುಗಳನ್ನು ಹೊರಡಿಸಬೇಕೆಂದು ಸೂಚಿಸಿದನು. ಅವನು 1860ರಲ್ಲಿ ಕಲ್ಕತ್ತೆಯಲ್ಲಿ ತೀರಿಕೊಂಡುದರಿಂದ ಕಾರ್ಯವು ಇತರರ ಕೈಗೆ ಬಂದು, 1861ರಲ್ಲಿ ಕಾಗದದ ಹಣದ ಕಾನೂನು ಹುಟ್ಟಿತು. ಅಂದಿನಿಂದ ನೋಟು ಹೊರಡಿಸುವ ಹಕ್ಕು ಸರಕಾರದ್ದಾಯಿತು. ಮೊದಲ ನೋಟುಗಳ ಮೇಲೆ ವಿಕ್ಟೋರಿಯಾ ರಾಣಿಯ ಮುಖವಿತ್ತು. ಅವು ಇಂಗ್ಲೆಂಡಿನಲ್ಲಿ ಕೈಯಿಂದ ಮಾಡಿದ ಕಾಗದದ ಮೇಲೆ ಒಂದೇ ಮಗ್ಗುಲಿಗೆ ಅಚ್ಚಾಗುತ್ತಿದ್ದವು. ಖೋಟಾ ನೋಟುಗಳ ಹಾವಳಿಯಿಂದಾಗಿ 1867ರಲ್ಲಿ ಅವುಗಳ ಬದಲು ಬೇರೊಂದು ಬಗೆಯ ನೋಟುಗಳು ಬಂದವು.

ಆ ಕಾಲದ ನೋಟು ದೇಶದಲ್ಲೆಲ್ಲಾ ಸಲ್ಲುತ್ತಿರಲಿಲ್ಲವೆಂಬುದು ಇಂದಿನವರಿಗೆ ವಿಚಿತ್ರವಾಗಿ ತೋರಬಹುದು. ದೇಶವನ್ನು ವಲಯಗಳಾಗಿ ಹಂಚಿದ್ದರು. ಒಂದು ವಲಯದ ನೋಟು ಇನ್ನೊಂದರಲ್ಲಿ ಕಾನೂನುಬದ್ಧವಾದ ಹಣವಾಗಿರಲಿಲ್ಲ. ಮಂಗಳೂರು ಬಳ್ಳಾರಿಗಳು ಮದ್ರಾಸಿನ ಕಡೆಗೂ ಧಾರವಾಡ ಬೆಳಗಾವಿಗಳು ಬೊಂಬಾಯಿಯ ಕಡೆಗೂ ಸೇರಿದ್ದ ಕಾಲವದು. ಐದು ರೂಪಾಯಿಯ ನೋಟು 1903ರಲ್ಲಿ ಬರ್ಮಾ ಹೊರತು ಮಿಕ್ಕೆಲ್ಲ ಕಡೆಗಳಲ್ಲಿಯೂ, ಹತ್ತು ಮತ್ತು ಐವತ್ತು ರೂಪಾಯಿಗಳವು 1910ರಲ್ಲಿಯೂ, ನೂರು ರೂಪಾಯಿಯದು 1911ರಲ್ಲಿಯೂ ಎಲ್ಲೆಡೆ ಸಲ್ಲುವಂತಾದವು. ಆದಕಾರಣ ಹಳೆಯ ನೋಟಿನ ಮೇಲೆ ಊರಿನ ಹೆಸರನ್ನಾಗಲಿ ಅದನ್ನು ಸೂಚಿಸುವ ಅಕ್ಷರವನ್ನಾಗಲಿ ಕಂಡರೆ ಅದನ್ನು ಅಲಕ್ಷ್ಯ ಮಾಡಬಾರದು.

ಇನ್ನೊಂದು ಸ್ವಾರಸ್ಯವಿದೆ. ದೂರದ ಊರಿಗೆ ಹಣ ಕಳುಹಿಸುವವರು ದಾರಿಯಲ್ಲಿ ಕಳವಾದೀತೆಂಬ ಭಯದಿಂದ ನೋಟನ್ನು ಎರಡಾಗಿ ಕತ್ತರಿಸಿ, ಮೊದಲು ಒಂದರ್ಧವನ್ನು ಅಂಚೆಯಲ್ಲಿ ಕಳುಹಿಸಿ, ಅದು ಮುಟ್ಟಿತೆಂಬ ಕಾಗದ ಬಂದ ಮೇಲೆ ಉಳಿದರ್ಧವನ್ನು ಕಳುಹಿಸುತ್ತಿದ್ದರು. ಆದುದರಿಂದ ನಡುವೆ ಕತ್ತರಿಸಿ ಮತ್ತೆ ಸೇರಿಸಿದ ಹಳೆಯ ನೋಟನ್ನು ಕಂಡ ಕೂಡಲೇ ಹಾಳಾದುದೆಂದು ಎಸೆಯತಕ್ಕದ್ದಲ್ಲ. ಎರಡು ಅರ್ಧಗಳ ಮೇಲಿನ ನಂಬರುಗಳು ಒಂದೇ ಆಗಿವೆಯೋ ಎಂಬುದನ್ನು ನೋಡತಕ್ಕದ್ದು.

ಸಣ್ಣ ನೋಟುಗಳನ್ನು ಹುಟ್ಟಿಸಿದ್ದು ಯುದ್ಧ. ಮೊದಲನೆಯ ಮಹಾಯುದ್ಧದಲ್ಲಿ ರೂಪಾಯಿ ನಾಣ್ಯಕ್ಕೆ ಬೇಕಾದ ಬೆಳ್ಳಿಯು ಸಾಲದೆ ಬಂದಾಗ, 1917ರ ನವೆಂಬರ್ 30ರಂದು ಒಂದು ರೂಪಾಯಿಯ ನೋಟು ಹೊರಟಿತು. ಬೆಳ್ಳಿಯ ರೂಪಾಯಿಯ ಚಿತ್ರವನ್ನೇ ಅದರ ಮೇಲೆ ಅಚ್ಚು ಹಾಕಿ, ಇದು ಅದಕ್ಕೆ ಸಮವೆಂದು ಜನರಿಗೆ ಧೈರ್ಯ ಹೇಳಿದರು. ಅದರ ಹಿಂದೆಯೇ ಎರಡು ರೂಪಾಯಿ ಎಂಟು ಆಣೆಯ ನೋಟು ಬಂದಿತು. 1926ರಲ್ಲಿ ಇವೆರಡನ್ನೂ ಹೊರಡಿಸುವುದು ನಿಂತಿತು. ಎರಡನೆಯ ಮಹಾಯುದ್ಧದಲ್ಲಿ ಬೆಳ್ಳಿಯ ಕಷ್ಟ ಮರಳಿ ಬಂದುದರಿಂದ 1940ರಲ್ಲಿ ಒಂದು ರೂಪಾಯಿಯ ನೋಟು ತಿರುಗಿ ಬಂದಿತು; ಎರಡೂವರೆ ರೂಪಾಯಿಯದು ಮಾತ್ರ ಮತ್ತೆ ಬರಲಿಲ್ಲ, ಅದರ ಬದಲು 1943ರಲ್ಲಿ ಎರಡು ರೂಪಾಯಿಯ ನೋಟು ಬಂದಿತು.

1935ರ ಏಪ್ರಿಲ್ 1ರಂದು ರಿಸರ್ವ್ ಬ್ಯಾಂಕು ಸ್ಥಾಪಿತವಾಯಿತು. ಆರನೆಯ ಜಾರ್ಜ್ ದೊರೆಯ ಮುಖವುಳ್ಳ ಅದರ ಮೊದಲ ನೋಟು, ಐದು ರೂಪಾಯಿಯದು, 1938ರ ಜನವರಿಯಲ್ಲಿ ಹೊರಟಿತು. ಆ ವರ್ಷದ ಜೂನ್ ತಿಂಗಳಲ್ಲಿ ಹತ್ತು ಸಾವಿರ ರೂಪಾಯಿಯ ನೋಟು ಸಹ ಬಂದಿತು. ಸ್ವಾತಂತ್ರ್ಯಾನಂತರ 1949ರ ಒಂದು ರೂಪಾಯಿಯ ನೋಟಿನಲ್ಲಿ ದೊರೆಯ ಮುಖದ ಸ್ಥಳವನ್ನು ಅಶೋಕಸ್ತಂಭದ ಸಿಂಹಗಳು ಪಡೆದವು.

ಈ ವೃತ್ತಾಂತದಲ್ಲಿ ಕನ್ನಡಕ್ಕೂ ಒಂದು ಸ್ಥಾನವಿದೆಯೆಂಬುದು ನಮಗೆ ಸಂತೋಷದ ವಿಷಯ. 1938ರ ನೋಟುಗಳ ಮೇಲೆ ಮೊತ್ತವನ್ನು ಎಂಟು ದೇಶಭಾಷೆಗಳಲ್ಲಿ ಬರೆದಿದ್ದರು. ಅವುಗಳಲ್ಲಿ ಕನ್ನಡವೂ ಒಂದು. ಇಂದಿನ ನೋಟುಗಳ ಹಿಂಬದಿಯ ಹದಿನೈದು ಸಾಲುಗಳಲ್ಲಿ ನಾಲ್ಕನೆಯದು ಕನ್ನಡ. ನಿಜಾಮ ಸರಕಾರವು 1918ರಿಂದ ಹೊರಡಿಸಿದ ನೋಟುಗಳ ಮೇಲೆಯೂ ಉರ್ದು, ಮರಾಠಿ, ತೆಲುಗುಗಳೊಂದಿಗೆ ಕನ್ನಡವಿತ್ತು. ಬೀದರ, ಕಲಬುರ್ಗಿ, ರಾಯಚೂರುಗಳ ಮನೆಗಳಲ್ಲಿ ಹಿರಿಯರ ಪೆಟ್ಟಿಗೆಯಿಂದ ಇಂಥ ನೋಟು ಹೊರಬಂದರೆ ಅದನ್ನು ಪರದೇಶದ ಕಾಗದವೆಂದು ಭಾವಿಸಬಾರದು.

2. ನೋಟನ್ನು ಓದುವ ಕ್ರಮ

ನೋಟನ್ನು ಒಂದು ಪತ್ರವೆಂದು ಭಾವಿಸಿ ಅದಕ್ಕೆ ಆರು ಪ್ರಶ್ನೆಗಳನ್ನು ಹಾಕಬೇಕು. ಉತ್ತರಗಳನ್ನು ಬೇರೊಂದು ಕಾಗದದ ಮೇಲೆ ಬರೆದಿಡಬೇಕೇ ಹೊರತು ನೋಟಿನ ಮೇಲೆ ಒಂದು ಚುಕ್ಕೆಯನ್ನೂ ಇಡಕೂಡದು.

ಮೊದಲನೆಯದು, ಇದನ್ನು ಹೊರಡಿಸಿದವರು ಯಾರು? ಭಾರತ ಸರಕಾರವೋ, ರಿಸರ್ವ್ ಬ್ಯಾಂಕೋ, ಹೈದರಾಬಾದ್ ಸಂಸ್ಥಾನವೋ? ಒಂದು ರೂಪಾಯಿಯ ನೋಟು ಇಂದಿಗೂ ಸರಕಾರದ್ದೇ ಹೊರತು ರಿಸರ್ವ್ ಬ್ಯಾಂಕಿನದಲ್ಲವೆಂಬುದನ್ನು ಬಹಳ ಮಂದಿ ಗಮನಿಸಿರುವುದಿಲ್ಲ. ಕೆಲವು ನೋಟುಗಳ ಮೇಲೆ ತರುವಾಯ ಬೇರೊಂದು ಸರಕಾರದ ಹೆಸರನ್ನು ಅಚ್ಚು ಹಾಕಿರುವುದೂ ಉಂಟು. ದೇಶವಿಭಾಗವಾದ ಮೇಲೆ 1948ರಲ್ಲಿ ಪಾಕಿಸ್ತಾನ ಸರಕಾರದ ಹೆಸರನ್ನು ಭಾರತದ ನೋಟುಗಳ ಮೇಲೆಯೇ ಮುದ್ರಿಸಿ ಅಲ್ಲಿ ಚಲಾಯಿಸಿದರು. ಬರ್ಮಾಕ್ಕೂ ಹೀಗೆಯೇ ನಡೆದಿತ್ತು.

ಎರಡನೆಯದು, ಮುಖವು ಅಥವಾ ಚಿಹ್ನೆಯು ಯಾವುದು? ವಿಕ್ಟೋರಿಯಾ, ಐದನೆಯ ಜಾರ್ಜ್, ಆರನೆಯ ಜಾರ್ಜ್, ಅಶೋಕಸ್ತಂಭ, ಗಾಂಧೀಜಿ ಎಂಬೀ ಅನುಕ್ರಮವನ್ನು ನೆನಪಿಟ್ಟರೆ ನೋಟಿನ ಕಾಲವು ಸ್ಥೂಲವಾಗಿ ತಿಳಿಯುತ್ತದೆ.

ಮೂರನೆಯದು, ರುಜು ಯಾರದು? ಇಸವಿಯಿಲ್ಲದ ನೋಟಿಗೆ ರುಜುವೇ ಪಂಚಾಂಗ. ರಿಸರ್ವ್ ಬ್ಯಾಂಕಿನ ಮೊದಲ ಗವರ್ನರರಾದ ಆಸ್ಬರ್ನ್ ಸ್ಮಿತ್ತರ ರುಜು ಯಾವ ನೋಟಿನ ಮೇಲೆಯೂ ಇಲ್ಲ. ನೋಟು ಹೊರಡುವಷ್ಟರಲ್ಲಿ ಅವರು ಹುದ್ದೆಯನ್ನು ಬಿಟ್ಟಿದ್ದರು. 1938ರ ನೋಟುಗಳಿಗೆ ರುಜು ಹಾಕಿದವರು ಜೆ. ಬಿ. ಟೇಲರರು. 1943ರಿಂದ 1949ರ ವರೆಗೆ ಮೊದಲ ಭಾರತೀಯ ಗವರ್ನರರಾದ ಚಿಂತಾಮಣಿ ದೇಶಮುಖರು. ಅವರ ತರುವಾಯ 1957ರ ವರೆಗೆ ದಕ್ಷಿಣ ಕನ್ನಡದ ಬೆನಗಲ್ ಮನೆತನದ ರಾಮರಾಯರು. ಒಂದು ರೂಪಾಯಿಯ ನೋಟಿಗಾದರೋ ಹಣಕಾಸಿನ ಕಾರ್ಯದರ್ಶಿಗಳ ರುಜು. ಮನಮೋಹನ ಸಿಂಗರು 1976ರಿಂದ 1980ರ ವರೆಗೆ ಆ ಕಾರ್ಯದರ್ಶಿಗಳಾಗಿಯೂ, 1982ರಿಂದ 1985ರ ವರೆಗೆ ಗವರ್ನರರಾಗಿಯೂ ಇದ್ದುದರಿಂದ ಎರಡು ಬಗೆಯ ನೋಟುಗಳ ಮೇಲೆಯೂ ಅವರ ರುಜುವನ್ನು ಕಾಣಬಹುದು. ಚಿತ್ರ, ಬಣ್ಣ, ಮೊತ್ತ ಎಲ್ಲವೂ ಒಂದೇ ಆಗಿದ್ದು ರುಜು ಮಾತ್ರ ಬೇರೆಯಾದರೆ ಬೆಲೆಯು ಹಲವು ಪಟ್ಟು ಹೆಚ್ಚುಕಡಿಮೆಯಾಗುವುದುಂಟು.

ನಾಲ್ಕನೆಯದು, ಅಕ್ಷರ ಮತ್ತು ಅಂಕೆಗಳು ಯಾವುವು? ನಂಬರಿನ ಮುಂದಿರುವ ಅಕ್ಷರಗಳನ್ನೂ, ನಂಬರಿನ ಹಿನ್ನೆಲೆಯಲ್ಲಿ ಸಣ್ಣದಾಗಿ ಕಾಣುವ ಇಂಗ್ಲಿಷ್ ಅಕ್ಷರವನ್ನೂ ಬರೆದುಕೊಳ್ಳಬೇಕು. 2006ರಿಂದೀಚೆಗೆ ಕೆಲವು ನೋಟುಗಳ ನಂಬರಿನಲ್ಲಿ ನಕ್ಷತ್ರದ ಚಿಹ್ನೆಯಿರುತ್ತದೆ. ಅಚ್ಚಿನಲ್ಲಿ ಕೆಟ್ಟುಹೋದ ನೋಟಿನ ಬದಲಾಗಿ ಕಟ್ಟಿನೊಳಗೆ ಸೇರಿಸಿದ ನೋಟಿನ ಗುರುತು ಅದು. ಖೋಟಾ ಎಂಬುದರ ಗುರುತಲ್ಲ.

ಐದನೆಯದು, ಬೆಳಕಿಗೆ ಹಿಡಿದಾಗ ಏನು ಕಾಣುತ್ತದೆ? ಕಾಗದವನ್ನು ತಯಾರಿಸುವಾಗಲೇ ಅದರೊಳಗೆ ಮೂಡಿಸಿದ ಚಿತ್ರಕ್ಕೆ ನೀರಚ್ಚು ಎನ್ನುತ್ತಾರೆ. ಅದು ಮೇಲೆ ಬಳಿದ ಬಣ್ಣವಲ್ಲ. ಕಾಗದದ ತೆಳುವು ದಪ್ಪಗಳಿಂದಲೇ ಹುಟ್ಟಿದ ನೆರಳು. ಎರಡನೆಯ ಯುದ್ಧದ ಕಾಲದಲ್ಲಿ ಜಪಾನಿನವರು ಮಾಡಿದ ಖೋಟಾ ನೋಟುಗಳಿಗೆ ಪ್ರತಿಯಾಗಿ, ಆರನೆಯ ಜಾರ್ಜ್ ದೊರೆಯ ಪಕ್ಕಮುಖದ ನೀರಚ್ಚನ್ನು ಬಿಟ್ಟು ಎದುರುಮುಖದ ನೀರಚ್ಚನ್ನು ತಂದರು. ಭದ್ರತೆಯ ದಾರವನ್ನು ಕಾಗದದೊಳಗೆ ಸೇರಿಸುವ ಪದ್ಧತಿಯೂ ನಮ್ಮ ದೇಶದಲ್ಲಿ ಆಗಲೇ ಆರಂಭವಾಯಿತು.

ಆರನೆಯದು, ಬೆರಳಿಗೂ ಭೂತಗನ್ನಡಿಗೂ ಏನು ತಿಳಿಯುತ್ತದೆ? ಕೆತ್ತಿದ ಲೋಹದ ಫಲಕದಿಂದ ಅಚ್ಚಾದ ಗೆರೆಗಳು ಕೊಂಚ ಉಬ್ಬಿದ್ದು ಬೆರಳಿಗೆ ತಾಗುತ್ತವೆ. ಭೂತಗನ್ನಡಿಯಲ್ಲಿ ಅಖಂಡವಾದ ಗೆರೆಗಳಾಗಿ ಕಾಣುತ್ತವೆ. ಇತ್ತೀಚೆಗೆ ಯಂತ್ರದಲ್ಲಿ ತೆಗೆದ ಪ್ರತಿಯಾದರೆ ಮೈ ಚಪ್ಪಟೆಯಾಗಿದ್ದು ಗೆರೆಗಳು ಬಣ್ಣಬಣ್ಣದ ಚುಕ್ಕೆಗಳಾಗಿ ಒಡೆದು ಕಾಣುತ್ತವೆ. ಹಳೆಯದೆಂದು ತೋರಿಸಲು ಚಹದ ನೀರಿನಲ್ಲಿ ಅದ್ದಿದ ಪ್ರತಿಗಳೂ ಸಂತೆಗೆ ಬರುವುದುಂಟು.

3. ನೋಟಿನ ಸ್ಥಿತಿ

ಸಂಗ್ರಾಹಕರು ನೋಟಿನ ಸ್ಥಿತಿಗೆ ದರ್ಜೆಗಳನ್ನು ಇಟ್ಟಿದ್ದಾರೆ. ಚಲಾವಣೆಗೇ ಬಾರದೆ, ಒಂದು ಮಡಿಕೆಯೂ ಇಲ್ಲದೆ, ನಾಲ್ಕು ಮೂಲೆಗಳೂ ಚೂಪಾಗಿರುವ ನೋಟು 'ಅನ್‌ಸರ್ಕ್ಯುಲೇಟೆಡ್' ಎಂಬ ಮೊದಲ ದರ್ಜೆಯದು. ಹಗುರವಾದ ಎರಡು ಮೂರು ಮಡಿಕೆಗಳನ್ನೋ ಒಂದೇ ಗಟ್ಟಿ ಮಡಿಕೆಯನ್ನೋ ಉಳ್ಳದ್ದು 'ಎಕ್ಸ್‌ಟ್ರೀಮ್ಲಿ ಫೈನ್'. ಹಲವು ಮಡಿಕೆಗಳಿದ್ದರೂ ಕಾಗದದಲ್ಲಿ ಬಿಗಿ ಉಳಿದಿದ್ದರೆ 'ವೆರಿ ಫೈನ್'. ಬಹಳವಾಗಿ ಕೈಬದಲಾಗಿ ಮೆತ್ತಗಾಗತೊಡಗಿದ್ದು 'ಫೈನ್'. ಅದರ ಕೆಳಗೆ 'ವೆರಿ ಗುಡ್', 'ಗುಡ್' ಮೊದಲಾದವು. ಇಲ್ಲಿ ಮಾತಿನ ಬಲೆಯೊಂದಿದೆ. ಇಂಗ್ಲಿಷಿನ 'ಗುಡ್' ಎಂಬುದಕ್ಕೆ ಒಳ್ಳೆಯದೆಂದು ಅರ್ಥವಾದರೂ ಈ ವ್ಯಾಪಾರದಲ್ಲಿ ಅದು ಜೀರ್ಣವಾದ ನೋಟಿನ ದರ್ಜೆ. ಈ ಶಬ್ದವನ್ನು ನಂಬಿ ಹೆಚ್ಚು ಹಣ ಕೊಟ್ಟು ಮೋಸಹೋಗಬಾರದು.

ಹಿಂದಿನ ಕಾಲದಲ್ಲಿ ನೋಟಿನ ಕಟ್ಟುಗಳಿಗೆ ಗುಂಡುಸೂಜಿಯನ್ನೋ ತಂತಿಯನ್ನೋ ಚುಚ್ಚುತ್ತಿದ್ದುದರಿಂದ ಎಡಗಡೆಯಲ್ಲಿ ಸಣ್ಣ ತೂತುಗಳಿರುವುದು ಸಾಮಾನ್ಯ. ಅವು ದೋಷವೇ ಆದರೂ ಕ್ಷಮಿಸಬಹುದಾದ ದೋಷ. ಕ್ಷಮಿಸಲಾಗದ್ದು ನಮ್ಮ ಕೈಯಿಂದಲೇ ಆಗುವ ಕೇಡು. ತೊಳೆದರೆ ಕಾಗದದ ಬಿಗಿಯೂ ಬಣ್ಣದ ಕಾಂತಿಯೂ ಹೋಗುತ್ತವೆ. ಇಸ್ತ್ರಿ ಮಾಡಿದರೆ ಉಬ್ಬಿದ ಗೆರೆಗಳು ಕುಗ್ಗುತ್ತವೆ. ಟೇಪಿನ ಅಂಟು ಕಾಲಕ್ರಮದಲ್ಲಿ ಹಳದಿಗಟ್ಟಿ ಕಾಗದದೊಳಕ್ಕೆ ಇಳಿಯುತ್ತದೆ. ಮುದುಕಿಯ ಮುಖದ ಸುಕ್ಕನ್ನು ಒರೆಸಲು ಹೋಗುವವನಂತೆ ಹಳೆಯ ನೋಟನ್ನು ಹೊಸದು ಮಾಡಹೊರಟವನು ಅದರ ನಿಜವನ್ನೇ ಅಳಿಸುತ್ತಾನೆ. ನೂರು ವರ್ಷ ಒಂದು ಗೀತಪುಸ್ತಕವು ಮಾಡದ ಕೇಡನ್ನು ಅರ್ಧ ಗಂಟೆಯ ಇಸ್ತ್ರಿ ಪೆಟ್ಟಿಗೆ ಮಾಡಿತ್ತು.

4. ಬೆಲೆಯನ್ನು ತಿಳಿಯುವ ಬಗೆ

ಹಳೆಯದಾದ ಮಾತ್ರಕ್ಕೆ ನೋಟು ಬೆಲೆಬಾಳುವುದಿಲ್ಲ; ಅದರ ಮೇಲೆ ದೊಡ್ಡ ಮೊತ್ತ ಬರೆದಿದ್ದ ಮಾತ್ರಕ್ಕೂ ಇಲ್ಲ. ಜರ್ಮನಿಯಲ್ಲಿ 1923ರ ನವೆಂಬರಿನಲ್ಲಿ ಒಂದು ಡಾಲರಿಗೆ 4.2 ಲಕ್ಷ ಕೋಟಿ ಮಾರ್ಕುಗಳಾಗಿದ್ದವು. ಆ ಕಾಲದ ಸಾವಿರ, ಲಕ್ಷ ಮಾರ್ಕುಗಳ ನೋಟುಗಳು ರಾಶಿರಾಶಿಯಾಗಿ ಅಚ್ಚಾದುದರಿಂದ ಅವುಗಳಲ್ಲಿ ಅನೇಕವು ಇಂದಿಗೂ ಅಗ್ಗವಾಗಿಯೇ ಸಿಕ್ಕುತ್ತವೆ. ಜರ್ಮನ್ ಮಾತನಾಡುವ ಬಾಸೆಲ್ ಮಿಶನಿನವರು ಇದ್ದು ಹೋದ ನಮ್ಮ ಕರಾವಳಿಯಲ್ಲಿ ಹಳೆಯ ಪುಸ್ತಕದೊಳಗೆ ಇಂಥದು ಸಿಕ್ಕಿದರೆ ಆಶ್ಚರ್ಯವಿಲ್ಲ, ಐಶ್ವರ್ಯವೂ ಇಲ್ಲ.

ಬೆಲೆಯು ನಾಲ್ಕರಿಂದ ಹುಟ್ಟುತ್ತದೆ: ಅಂಥ ನೋಟುಗಳು ಉಳಿದಿರುವುದು ಎಷ್ಟು, ಬೇಕೆನ್ನುವವರು ಎಷ್ಟು ಮಂದಿ, ಈ ನೋಟಿನ ಸ್ಥಿತಿ ಏನು, ಮತ್ತು ಇದರ ವೃತ್ತಾಂತಕ್ಕೆ ಸಾಕ್ಷಿ ಇದೆಯೇ. ಕೊನೆಯದಕ್ಕೆ ಒಂದು ದೃಷ್ಟಾಂತವನ್ನು ಕೊಡುತ್ತೇನೆ. 1922ರ ಮೇ 20ರಂದು 'ಈಜಿಪ್ಟ್' ಎಂಬ ಹಡಗು ಲಂಡನ್ನಿನಿಂದ ಬೊಂಬಾಯಿಗೆ ಬರುವಾಗ ಫ್ರಾನ್ಸಿನ ತೀರದಾಚೆ ಮಂಜಿನಲ್ಲಿ ಇನ್ನೊಂದು ಹಡಗು ತಾಗಿ ಮುಳುಗಿತು. ಅದರೊಳಗೆ ಚಿನ್ನ ಬೆಳ್ಳಿಗಳೊಂದಿಗೆ ಇನ್ನೂ ರುಜು ಬೀಳದ ಹೈದರಾಬಾದಿನ ನೋಟುಗಳೂ ಇದ್ದವು. 1932ರಲ್ಲಿ ಇಟಲಿಯ ಮುಳುಗುಗಾರರು ಚಿನ್ನವನ್ನು ಎತ್ತಿದಾಗ ಈ ನೋಟುಗಳಲ್ಲಿ ಕೆಲವನ್ನೂ ಎತ್ತಿದರು. ಹತ್ತು ವರ್ಷ ಸಮುದ್ರದ ತಳದಲ್ಲಿದ್ದು ಕಲೆಗೊಂಡ, ಹಣವಾಗಿ ಎಂದೂ ಸಲ್ಲದ ಆ ಕಾಗದಗಳನ್ನು ಸಂಗ್ರಾಹಕರು ಇಂದು ಆದರದಿಂದ ಕೊಳ್ಳುತ್ತಾರೆ. ಅಲ್ಲಿ ಬೆಲೆಯಿರುವುದು ಸಾಬೀತಾದ ವೃತ್ತಾಂತಕ್ಕೆ. ಸಾಕ್ಷಿಯಿಲ್ಲದ ಕಥೆಗೆ ಮೂರು ಕಾಸೂ ಇಲ್ಲ.

ಬೆಲೆಯನ್ನು ಅಂದಾಜು ಮಾಡುವಾಗ, ಮಾರುವವರು ಕೇಳುವ ಬೆಲೆಯನ್ನು ನೋಡದೆ ಹರಾಜಿನಲ್ಲಿ ವಾಸ್ತವವಾಗಿ ಸಂದ ಬೆಲೆಯನ್ನು ನೋಡಬೇಕು. ಯಾರು ಬೇಕಾದರೂ ತಮ್ಮ ನೋಟಿಗೆ ಹತ್ತು ಲಕ್ಷವೆಂದು ಚೀಟಿ ಅಂಟಿಸಬಹುದು. ಕೊಂಡವನಿದ್ದಾಗ ಮಾತ್ರ ಅದು ಬೆಲೆ. ಲೆಕ್ಕದ ತರಗತಿಯಂತೆ ಊಹೆಯ ಅಂಕೆಗಳನ್ನು ಹಿಡಿಯೋಣ. ನಮ್ಮದೇ ಮಾದರಿಯ, ಅದೇ ರುಜುವಿನ ಮೂರು ನೋಟುಗಳು ಹರಾಜಿನಲ್ಲಿ 4,000, 4,400 ಮತ್ತು 9,000 ರೂಪಾಯಿಗಳಿಗೆ ಹೋದವೆನ್ನೋಣ. ಮೂರನೆಯದರ ನಂಬರು 111111 ಎಂದಿದ್ದರೆ ಹೆಚ್ಚಿದ ಹಣವು ಆ ನಂಬರಿಗೆ ಸಂದದ್ದು, ಅದನ್ನು ಬಿಡಬೇಕು. ಉಳಿದೆರಡರ ಸರಾಸರಿ 4,200. ಆದರೆ ಅವು 'ವೆರಿ ಫೈನ್' ದರ್ಜೆಯವು. ನಮ್ಮದು ಹರಿದು 'ಫೈನ್' ಆಗಿದ್ದರೆ ಆ ದರ್ಜೆಯದಕ್ಕೆ ಸಂದ ಬೆಲೆಯನ್ನೇ ಹುಡುಕಬೇಕು. ಅದು 2,500 ಎಂದಿದ್ದರೆ ಅಂಗಡಿಯವನು ನಮಗೆ 1,700 ಹೇಳಿಯಾನು. ಅವನು ಬಾಡಿಗೆ ಕೊಡಬೇಕು, ಮಾರುವ ತನಕ ಕಾಯಬೇಕು, ಅದನ್ನು ವಂಚನೆಯೆನ್ನಲಾಗದು. ಹರಾಜಿಗೆ ಕೊಟ್ಟರೂ ದಳ್ಳಾಳಿಯುಂಟು. ಹೀಗೆ ಒಂದೇ ನೋಟಿಗೆ ಕೇಳುವ ಬೆಲೆ, ಸಲ್ಲುವ ಬೆಲೆ, ಕೈಗೆ ಬರುವ ಬೆಲೆ ಎಂದು ಮೂರು ಬೆಲೆಗಳಿವೆ.

ನೋಟಿನ ಮಾದರಿಯನ್ನು ಹುಡುಕಲು ರೆಜ್ವಾನ್ ರಜಾಕ್ ಮತ್ತು ಕಿಶೋರ್ ಝುನ್‌ಝುನ್‌ವಾಲಾ ಅವರು ಸೇರಿ ಬರೆದ ಭಾರತದ ಕಾಗದದ ಹಣದ ಕೈಪಿಡಿಯು ಸಹಾಯಕ. ರಜಾಕರು ತಮ್ಮ ಸಂಗ್ರಹವನ್ನು ಬೆಂಗಳೂರಿನಲ್ಲಿ ವಸ್ತುಸಂಗ್ರಹಾಲಯವನ್ನಾಗಿ 2020ರಲ್ಲಿ ತೆರೆದರು. ಮುಂಬಯಿಯಲ್ಲಿ ರಿಸರ್ವ್ ಬ್ಯಾಂಕಿನ ಹಣದ ವಸ್ತುಸಂಗ್ರಹಾಲಯವಿದೆ. ನಿಜವಾದ ನೋಟುಗಳನ್ನು ಹತ್ತು ಸಲ ನೋಡಿದ ಕಣ್ಣು ಸುಳ್ಳು ನೋಟನ್ನು ತಾನೇ ಗುರುತಿಸುತ್ತದೆ.

5. ಎಚ್ಚರಿಕೆಯ ಮಾತು

ನಂಬರಿನಲ್ಲಿ 786 ಇದ್ದರೆ ಲಕ್ಷಾಂತರ, ಹಳೆಯ ಐದು ರೂಪಾಯಿಯ ನೋಟಿಗೆ ಲಕ್ಷಾಂತರ ಎಂಬ ಪ್ರಕಟನೆಗಳನ್ನು ನೀವೆಲ್ಲರೂ ಕಂಡಿರುವಿರಿ. ಅಂಥ ನಂಬರನ್ನು ಪ್ರೀತಿಸಿ ಕೊಂಚ ಹೆಚ್ಚು ಕೊಡುವವರಿದ್ದಾರೆಂಬುದು ನಿಜ. ಲಕ್ಷದ ಮಾತು ಬಲೆಗೆ ಹಾಕಿದ ಕಾಳು. ಈ ಮೋಸಗಾರರು ಕೊಳ್ಳುವವರಂತೆ ಬಂದು, ಶುಲ್ಕ, ದಳ್ಳಾಳಿ, ತೆರಿಗೆ ಎಂದು ಮಾರುವವರಿಂದಲೇ ಹಣ ಕೀಳುತ್ತಾರೆ. ಕೆಲವರು ರಿಸರ್ವ್ ಬ್ಯಾಂಕಿನ ಹೆಸರನ್ನೂ ಚಿಹ್ನೆಯನ್ನೂ ಬಳಸಿದುದರಿಂದ, ತಾನು ಇಂಥ ವ್ಯವಹಾರವನ್ನು ನಡೆಸುವುದಿಲ್ಲವೆಂದೂ, ತನ್ನ ಪರವಾಗಿ ಶುಲ್ಕ ವಸೂಲು ಮಾಡಲು ಯಾರಿಗೂ ಅಧಿಕಾರ ಕೊಟ್ಟಿಲ್ಲವೆಂದೂ ಆ ಬ್ಯಾಂಕು 2021ರ ಆಗಸ್ಟಿನಲ್ಲಿ ಸಾರ್ವಜನಿಕರಿಗೆ ತಿಳಿಸಿತು. ಒಂದೇ ಸೂತ್ರವನ್ನು ನೆನಪಿಡಿರಿ: ಕೊಳ್ಳುವವನು ಹಣ ಕೊಡುತ್ತಾನೆ, ಕೇಳುವುದಿಲ್ಲ.

ಕಾನೂನಿನ ವಿಷಯವನ್ನೂ ತಿಳಿದಿರಬೇಕು. ಹೆಚ್ಚು ಮೊತ್ತದ ನೋಟುಗಳನ್ನು ಸರಕಾರವು 1946ರಲ್ಲಿ, 1978ರಲ್ಲಿ ಮತ್ತು 2016ರಲ್ಲಿ ರದ್ದುಮಾಡಿತು. 2016ರ ನವೆಂಬರ್ 8ರಂದು ರದ್ದಾದ ಐನೂರು ಮತ್ತು ಸಾವಿರ ರೂಪಾಯಿಯ ನೋಟುಗಳನ್ನು ಕುರಿತು 2017ರಲ್ಲಿ ಪ್ರತ್ಯೇಕ ಕಾನೂನಾಯಿತು. ಅದರಂತೆ ಒಬ್ಬರ ಬಳಿ ಅಂಥವು ಹತ್ತಕ್ಕಿಂತ ಹೆಚ್ಚು ಇರಕೂಡದು. ಅಧ್ಯಯನ, ಸಂಶೋಧನೆ ಅಥವಾ ಸಂಗ್ರಹಕ್ಕಾದರೆ ಇಪ್ಪತ್ತೈದಕ್ಕಿಂತ ಹೆಚ್ಚು ಇರಕೂಡದು. ಮೀರಿದವರಿಗೆ ಹತ್ತು ಸಾವಿರ ರೂಪಾಯಿಯ ಅಥವಾ ಆ ನೋಟುಗಳ ಮೊತ್ತದ ಐದರಷ್ಟರ ವರೆಗೆ, ಯಾವುದು ಹೆಚ್ಚೋ ಅಷ್ಟರ ವರೆಗೆ, ದಂಡವನ್ನು ಹೇಳಿದೆ. ಅಜ್ಜನ ಟ್ರಂಕಿನಲ್ಲಿ ಇಂಥ ಕಟ್ಟೊಂದು ಸಿಕ್ಕಿದರೆ ಸಂಗ್ರಹವೆಂದು ಸಂಭ್ರಮಿಸುವ ಮುಂಚೆ ಎಣಿಸಿ ನೋಡಿರಿ.

ಮಾರುವವರಿಗೂ ಒಂದು ಮಾತು. ನಮ್ಮ ನೋಟಿನಲ್ಲಿ ದೋಷವಿದ್ದರೆ ಅದನ್ನು ನಾವೇ ಮೊದಲು ಹೇಳಬೇಕು. ತೊಳೆದುದನ್ನು ತೊಳೆದದ್ದೆಂದೂ, ಸೇರಿಸಿದುದನ್ನು ಸೇರಿಸಿದ್ದೆಂದೂ ಹೇಳಿ ಕಡಿಮೆ ಹಣ ಪಡೆದವಳು ನಷ್ಟಪಟ್ಟವಳಲ್ಲ. ತೂಕದಲ್ಲಿಯೂ ಅಳತೆಯಲ್ಲಿಯೂ ಸತ್ಯವಿರಬೇಕೆಂದು ಈ ಶಾಲೆಯು ಕಲಿಸಿದ್ದು ಅಕ್ಕಿ ಎಣ್ಣೆಗಳಿಗೆ ಮಾತ್ರವಲ್ಲ.

6. ಕಾಪಾಡುವ ರೀತಿ

ನೋಟನ್ನು ಒಣಗಿದ ಶುದ್ಧವಾದ ಕೈಗಳಿಂದ ಅಂಚುಗಳಲ್ಲಿ ಹಿಡಿಯಬೇಕು. ಮಡಿಸಿದ್ದನ್ನು ಮೆಲ್ಲನೆ ಒಮ್ಮೆ ಬಿಡಿಸಿದ ಮೇಲೆ ಮತ್ತೆ ಮಡಿಸಬಾರದು. ಸಾಧಾರಣ ಪ್ಲಾಸ್ಟಿಕ್ಕಿನ ಚೀಲಗಳು ಕಾಲಕ್ರಮದಲ್ಲಿ ಜಿಡ್ಡು ಬಿಟ್ಟು ಕಾಗದಕ್ಕೆ ಅಂಟಿಕೊಳ್ಳುತ್ತವೆ; ಸಂಗ್ರಾಹಕರು ಬಳಸುವ ಪಾಲಿಯೆಸ್ಟರ್ ಹೊದಿಕೆಯು ಒಳ್ಳೆಯದು. ನಮ್ಮ ಮಳೆಗಾಲದ ತೇವ, ಬಿಸಿಲು, ಪುಸ್ತಕದ ಹುಳು ಈ ಮೂವರು ಶತ್ರುಗಳಿಂದ ದೂರದಲ್ಲಿ ಚಪ್ಪಟೆಯಾಗಿ ಇಡಬೇಕು. ಅದರೊಂದಿಗೆ ಒಂದು ಚೀಟಿಯಲ್ಲಿ ಆ ನೋಟು ಯಾರದಾಗಿತ್ತು, ಎಲ್ಲಿ ಸಿಕ್ಕಿತು, ಯಾವಾಗ ಸಿಕ್ಕಿತು ಎಂಬುದನ್ನು ಬರೆದಿಡಬೇಕು. ಇದನ್ನು ಅನೇಕರು ಮಾಡುವುದಿಲ್ಲ. ಹಿರಿಯರು ಕಣ್ಮುಚ್ಚಿದ ಮೇಲೆ ಆ ಚೀಟಿಯನ್ನು ಬರೆಯಬಲ್ಲವರು ಯಾರೂ ಇರುವುದಿಲ್ಲ.

ಉಪಸಂಹಾರ

ಆ ಹಳೆಯ ವಿದ್ಯಾರ್ಥಿನಿಯ ನೋಟಿನ ಸಂಗತಿಯನ್ನು ಹೇಳಿ ಮುಗಿಸುತ್ತೇನೆ. ನಾವು ಅದನ್ನು ಓದಿದೆವು. ಭಾರತ ಸರಕಾರದ್ದು; ಐದನೆಯ ಜಾರ್ಜ್ ದೊರೆಯ ಮುಖ; ಗಬ್ಬೆ ಎಂಬ ಅಧಿಕಾರಿಯ ರುಜು; ಮದ್ರಾಸನ್ನು ಸೂಚಿಸುವ 'ಎಂ' ಅಕ್ಷರ. ನೋಟು ಅಪ್ಪಟವಾದದ್ದು, ಅಪರೂಪದ್ದು. ಆದರೆ ತೊಳೆದು ಇಸ್ತ್ರಿ ಮಾಡಿದ್ದು. ತಿಳಿದವರೊಬ್ಬರಿಗೆ ತೋರಿಸಿದಾಗ, ಹಾಗೆಯೇ ಬಿಟ್ಟಿದ್ದರೆ ಇದಕ್ಕಿಂತ ಎಷ್ಟೋ ಹೆಚ್ಚು ಬರುತ್ತಿತ್ತೆಂದು ಹೇಳಿ, ಈಗಿನ ಸ್ಥಿತಿಗೆ ತಕ್ಕ ಬೆಲೆಯನ್ನು ತಿಳಿಸಿದರು. ಅದು ಲಕ್ಷಗಳ ಹತ್ತಿರಕ್ಕೂ ಬರಲಿಲ್ಲ. ಹುಡುಗನು ತಲೆ ತಗ್ಗಿಸಿ ನಿಂತಿದ್ದನು. ಆಕೆ ಅವನನ್ನು ಗದರಿಸಲಿಲ್ಲ. "ನಿನಗೆ ಗೊತ್ತಿರಲಿಲ್ಲ ಮಗನೇ, ನನಗೂ ಗೊತ್ತಿರಲಿಲ್ಲ. ನಮ್ಮಜ್ಜಿ ಎರಡೂವರೆ ರೂಪಾಯಿಯನ್ನು ಖರ್ಚು ಮಾಡದೆ ಯಾಕೆ ಇಟ್ಟುಕೊಂಡರೆಂದು ಒಂದು ದಿನವೂ ನಾನು ಕೇಳಲಿಲ್ಲವಲ್ಲ" ಎಂದರು. ಅವರು ಅದನ್ನು ಮಾರಲಿಲ್ಲ. ಅಜ್ಜಿಯ ಹೆಸರು, ಹಳ್ಳಿಯ ಹೆಸರು, ಶಾಲೆಯ ಹೆಸರುಗಳನ್ನು ಚೀಟಿಯಲ್ಲಿ ಆ ಹುಡುಗನ ಕೈಯಿಂದಲೇ ಬರೆಸಿ ನೋಟಿನೊಡನೆ ಇಟ್ಟರು.

ಒಂದು ಬೆಳ್ಳಿಯ ನಾಣ್ಯ ಕಳೆದುಹೋದಾಗ ದೀಪವನ್ನು ಹಚ್ಚಿ ಮನೆಯನ್ನೆಲ್ಲಾ ಗುಡಿಸಿ ಹುಡುಕಿದ ಸ್ತ್ರೀಯ ಸಾಮ್ಯವು ನಮಗೆ ಪರಿಚಿತವಾದದ್ದೇ. ಪ್ರಿಯ ಸೋದರಿಯರೇ, ತಂದೆತಾಯಿಗಳೇ, ಈ ರಜೆಯಲ್ಲಿ ನೀವೂ ನಿಮ್ಮ ಮನೆಯ ಹಳೆಯ ಪೆಟ್ಟಿಗೆಗಳನ್ನೂ ಪುಸ್ತಕಗಳನ್ನೂ ದೀಪದ ಬೆಳಕಿನಲ್ಲಿ ಒಮ್ಮೆ ತೆರೆದು ನೋಡಿರಿ. ಏನಾದರೂ ಸಿಕ್ಕಿದರೆ ತೊಳೆಯಬೇಡಿರಿ, ಅವಸರದಿಂದ ಮಾರಬೇಡಿರಿ; ಮೊದಲು ಓದಿರಿ. ಓದುವುದನ್ನು ನಮಗೆ ಕಲಿಸಿದ ಈ ಶಾಲೆಗೆ ಅದೂ ಒಂದು ಬಗೆಯ ಗುರುದಕ್ಷಿಣೆಯಾದೀತು.